ಅಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದರೆ ನನಗೂ ಬರುತ್ತಾ?

ಅಮ್ಮನಿಗೆ ಎಂಎಸ್ ಇದೆ, ನನಗೂ ಬರಬಹುದಾ, ಜೀನ್ ಟೆಸ್ಟ್ ಮಾಡಿಸಿಬಿಡಲಾ ಎಂದು ಕೇಳಿದ್ದೀರಿ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ನನ್ನ ಅಕ್ಕನಿಗೂ ಇದೇ ಕಾಯಿಲೆ. ಅದು ಗೊತ್ತಾದ ಮೇಲೆ ಕಾಲು ಜುಮ್ಮೆಂದರೂ ಸಾಕು, ನನಗೂ ಶುರುವಾಯಿತೇನೋ ಎಂದು ನಿದ್ದೆ ಬರುತ್ತಿರಲಿಲ್ಲ. ಆಗ ಓದಿ, ನರರೋಗದ ಡಾಕ್ಟರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಅಪ್ಪನಿಗೋ ಅಮ್ಮನಿಗೋ ಎಂಎಸ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 2. ಬೇರೆಯವರಿಗಿಂತ ಜಾಸ್ತಿ, ನಿಜ. ಆದರೆ ಉಳಿದ 98 ಮಂದಿಗೆ ಬರುವುದಿಲ್ಲ ಅಲ್ವಾ?

ನನಗೆ ಧೈರ್ಯ ಕೊಟ್ಟದ್ದು ಅವಳಿ ಮಕ್ಕಳ ಲೆಕ್ಕ. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಮ್ಮಿ ಒಂದೇ. ಆದರೂ ಒಬ್ಬರಿಗೆ ಎಂಎಸ್ ಇದ್ದಾಗ ಇನ್ನೊಬ್ಬರಿಗೂ ಬರುವುದು ನೂರಕ್ಕೆ 25ರ ಆಸುಪಾಸು. ಎಲ್ಲವೂ ಜೀನ್ ಕೈಯಲ್ಲೇ ಇದ್ದಿದ್ದರೆ ಇಬ್ಬರಿಗೂ ಬರಬೇಕಿತ್ತು. ಹಾಗೆಂದು ಜೀನ್‌ನ ಪಾತ್ರ ಸುಳ್ಳೂ ಅಲ್ಲ. ರೋಗಿಯ ಜೊತೆ ಒಂದೇ ಮನೆಯಲ್ಲಿ ಬೆಳೆದ ದತ್ತು ಮಕ್ಕಳಲ್ಲಿ ಅಪಾಯ ಹೆಚ್ಚಿದ್ದು ಕಂಡಿಲ್ಲ. ಹೆಚ್ಚುವುದು ರಕ್ತಸಂಬಂಧಿಗಳಿಗೆ.

'ಎಂಎಸ್ ಜೀನ್' ಎಂಬ ಒಂದು ಜೀನ್ ಇಲ್ಲ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ಕಾಯಿಲೆಗೆ ನಂಟಿರುವ 233 ಜೀನ್ ವ್ಯತ್ಯಾಸಗಳನ್ನು ಗುರುತಿಸಿತು. ಒಂದೊಂದರ ಪ್ರಭಾವ ತೀರಾ ಸಣ್ಣದು. ದೊಡ್ಡದು ಎನ್ನಬಹುದಾದದ್ದು ಎಚ್‌ಎಲ್‌ಎ-ಡಿಆರ್‌ಬಿ1*15:01. ರೋಗಾಣುವಿನ ಚೂರುಗಳನ್ನು ರಕ್ಷಣಾ ಕಣಗಳಿಗೆ ಎತ್ತಿ ತೋರಿಸುವ ಪ್ರೋಟೀನಿನ ಒಂದು ರೂಪ ಇದು. ಇದಿದ್ದವರಿಗೆ ಅಪಾಯ ಸುಮಾರು ಮೂರು ಪಟ್ಟು. ಆದರೆ ಇದನ್ನು ಹೊತ್ತ ಬಹುತೇಕರು ಆರೋಗ್ಯವಾಗಿಯೇ ಇರುತ್ತಾರೆ, ಇದಿಲ್ಲದೆಯೂ ಎಂಎಸ್ ಬಂದವರು ಬೇಕಾದಷ್ಟು ಮಂದಿ. ಅದಕ್ಕೇ ಟೆಸ್ಟ್ ಬೇಡ ಎನ್ನುತ್ತೇನೆ. ಫಲಿತಾಂಶ ಏನೇ ಬಂದರೂ ಸುಮ್ನೆ ಇನ್ನೊಂದು ಚಿಂತೆ.

ಜೀನ್ ಜೊತೆಗೆ ಬೇರೆಯದೂ ಸೇರಬೇಕು. ಎಪ್ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಅಪಾಯ 32 ಪಟ್ಟು ಏರುತ್ತದೆ ಎಂದು 2022ರಲ್ಲಿ ಅಮೆರಿಕದ ಸೈನಿಕರ ಅಧ್ಯಯನ ತೋರಿಸಿತು. ಆದರೆ ಆ ವೈರಸ್ ದೊಡ್ಡವರಾಗುವಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ತಗುಲಿರುತ್ತದೆ, ತಪ್ಪಿಸಿಕೊಳ್ಳುವುದು ಕಷ್ಟ. ಸಿಗರೇಟು ಹಾಗಲ್ಲ. ಮೇಲೆ ಹೇಳಿದ ಜೀನ್ ಇದ್ದವರು ಸೇದಿದರೆ ಎರಡರ ಅಪಾಯ ಕೂಡುವುದಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಸೇದುತ್ತಿದ್ದರೆ ದಯವಿಟ್ಟು ಬಿಡಿ.

ಒಂದು ಕಣ್ಣು ನೋವಿನ ಜೊತೆ ಮಂಜಾದರೆ, ಕೈಕಾಲಿನ ಮರಗಟ್ಟುವಿಕೆ ದಿನ ಕಳೆದರೂ ಹೋಗದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಅಮ್ಮನ ವಿಷಯವನ್ನೂ ಹೇಳಿ.

ಇನ್ನೊಂದು ಮಾತು. 'ನನ್ನಿಂದ ಮಗುವಿಗೂ ಬಂದರೆ' ಎಂದು ನಿಮ್ಮ ಅಮ್ಮ ಒಳಗೊಳಗೇ ಕೊರಗುತ್ತಿರಬಹುದು. ನನ್ನ ಅಕ್ಕ ಅವಳ ಮಗಳ ಬಗ್ಗೆ ಹಾಗೇ ಕೊರಗುತ್ತಿದ್ದಳು. ಈ ನೂರಕ್ಕೆ 2ರ ಲೆಕ್ಕ ಅವರಿಗೂ ತಿಳಿಸಿ.