ಎರಿಹೊಲದ ಕಲ್ಲು, ಗುಮ್ಮಟದ ಕಲ್ಲು

ಬಸವನ ಬಾಗೇವಾಡಿ ತಾಲೂಕಿನ ತಾಯಿಯೊಬ್ಬರ ಪತ್ರ: "ಏಳನೆಯ ತರಗತಿಯ ನನ್ನ ಮಗಳು ನಿಮ್ಮ ಸಾಮಾನ್ಯ ಜ್ಞಾನದ ಪುಟ ಬಾಯಿಪಾಠ ಮಾಡುತ್ತಾಳೆ. ಒಂದು ಪ್ರಶ್ನೆ ಜೋಳದ್ದು, ಮುಂದಿನದು ಫುಟ್‌ಬಾಲಿನದು, ಆಮೇಲೆ ಊರು, ಶಬ್ದ, ಶಿಲ್ಪ. ಒಂದಕ್ಕೊಂದು ಸಂಬಂಧವೇ ಇಲ್ಲ. ವಾರದೊಳಗೆ ಎಲ್ಲ ಮರೆಯುತ್ತಾಳೆ. ಏನು ಉಪಯೋಗ? 1950ರ ವಿಶ್ವಕಪ್ ಬಗ್ಗೆ ನೀವು ಕೊಟ್ಟ ಉತ್ತರ ತಪ್ಪು ಎಂದು ಅವಳ ಸರ್ ಹೇಳಿದರಂತೆ. ಯಾವುದು ಖರೆ?"

ಅಕ್ಕಾವರಿಗೆ ಶರಣು.

ಮೊದಲು ತಪ್ಪಿನ ಮಾತು. ಸರ್ ಹೇಳಿದ್ದೇ ಖರೆ. ಬ್ರೆಜಿಲ್‌ನಲ್ಲಿ ನಡೆದ ಆ ವಿಶ್ವಕಪ್ಪಿಗೆ ಭಾರತ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ನಾವು 'ಬರಿಗಾಲಲ್ಲಿ ಆಡಲು ಬಿಡಲಿಲ್ಲ' ಎಂದು ಅಚ್ಚು ಹಾಕಿದೆವು. ಆ ಪುಟ ನೋಡಿ ಕಳಿಸಿದವನು ನಾನೇ. ಎಲ್ಲರೂ ಹೇಳುವ ಕಥೆ ಎಂದು ನಂಬಿದೆ, ತಾಳೆ ನೋಡಲಿಲ್ಲ. ಕ್ಷಮಿಸಿ. ನಿಮ್ಮ ಮಗಳಿಗೂ ಹೇಳಿ.

ಆ ಕಥೆ ಹುಟ್ಟಿದ್ದು ಸುಮ್ನೆ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದ್ದರು. ಸಿಕ್ಕ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡು 1–2ರಿಂದ ಸೋತರು. ಎರಡು ವರ್ಷದ ಮೇಲೆ ವಿಶ್ವಕಪ್ ಬಂತು. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು. ಒಂದು ಪಂದ್ಯವನ್ನೂ ಆಡದೆ ಭಾರತಕ್ಕೆ ಜಾಗ ಸಿಕ್ಕಿತು. ಆದರೂ ಹೋಗಲಿಲ್ಲ. ಫುಟ್‌ಬಾಲ್ ಸಂಘದವರು ಕೊಟ್ಟ ಕಾರಣ ಬೇರೆ: ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ತಯಾರಿಗೆ ಸಮಯ ಸಾಲದು. ಆಗ ನಮ್ಮವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿತ್ತು. ಬರಿಗಾಲಿನ ಕಥೆಯನ್ನು ಆ ಕಾಲದ ದೊಡ್ಡ ಆಟಗಾರ ಶೈಲೇನ್ ಮನ್ನಾ ಅವರೇ ಮುಂದೆ ಅಲ್ಲಗಳೆದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂತು. ಅದನ್ನು ನೆನೆದಾಗಲೆಲ್ಲ ಬ್ರೆಜಿಲ್‌ಗೂ ಹೋಗಬೇಕಿತ್ತು ಅನಿಸಿ ನನಗೆ ಬಹಳ ಕೆಡುಕೆನಿಸುತ್ತದೆ.

ಬರಿಗಾಲು ಎಂಬ ಒಂದೇ ಪದದ ಉತ್ತರ ಬಾಯಿಪಾಠಕ್ಕೆ ಸುಲಭ, ಸುಳ್ಳಾದರೂ ಸುಲಭ. 'ಏಕೆ' ಎಂದು ಇನ್ನೊಂದು ಸಲ ಕೇಳಿದ್ದರೆ ನಾವು ಎಡವುತ್ತಿರಲಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಸಂಬಂಧ ಇಲ್ಲ ಅಂದಿರಿ. ಇದೆ, ಅಕ್ಕಾ. ನಾವು ತೋರಿಸಲಿಲ್ಲ, ಅಷ್ಟೇ.

ನಿಮ್ಮ ಹೊಲ ಎರಿ ಹೊಲವೇ ಇರಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಸೀಮೆಯ ಮೇಲೆ ಲಾವಾ ಹರಿದು ಪದರ ಪದರವಾಗಿ ಗಟ್ಟಿಯಾಯಿತು. ಆ ಕಪ್ಪು ಕಲ್ಲು ಸವೆದು ಸವೆದು ಎರಿ ಮಣ್ಣಾಯಿತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆಗಾಲದ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ ಆ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಡೋಣಿ ಹೊಳೆಯನ್ನು ಕುರಿತು 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎಂದು ನಿಮ್ಮ ಕಡೆ ಹೇಳುವುದು ಇದೇ ಮಣ್ಣನ್ನು ನೆಚ್ಚಿಕೊಂಡು. ಇನ್ನು, ಮಣ್ಣಾಗದೆ ಉಳಿದ ಅದೇ ಕಪ್ಪು ಕಲ್ಲನ್ನು ಕಡಿದು ತಂದು 1656ರ ಹೊತ್ತಿಗೆ ಗೋಳಗುಮ್ಮಟ ಮುಗಿಸಿದರು. ನಿಮ್ಮ ತಾಟಿನ ರೊಟ್ಟಿಗೂ ಆ ಗುಮ್ಮಟದ ಗೋಡೆಗೂ ತಾಯಿಗಲ್ಲು ಒಂದೇ. ಅತ್ತ ಬಾದಾಮಿಗೆ ಹೋದರೆ ಕಲ್ಲೇ ಬೇರೆ. ಕೆಂಪು ಮರಳುಗಲ್ಲು, ಉಳಿಗೆ ಒಗ್ಗುವ ಕಲ್ಲು. ಅಲ್ಲಿ ಗುಡ್ಡದೊಳಗೇ ಗುಡಿ ಕೊರೆದರು. ಮೂರನೆಯ ಗುಹೆಯ ಶಾಸನ 578ರದು.

ಜೋಳ ಎಂಬ ಶಬ್ದವನ್ನೇ ನೋಡಿ. ಮೈಸೂರು ಕಡೆ ಜೋಳ ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ತೆನೆ. ನಮ್ಮ ಕಡೆ ಅದು ಗೋವಿನಜೋಳ. ನಮ್ಮ ಬಿಳಿಜೋಳದ ತವರು ಆಫ್ರಿಕಾ, ಗೋವಿನಜೋಳದ್ದು ಮೆಕ್ಸಿಕೊ. ಒಂದೇ ಹೆಸರು, ತವರು ಎರಡು ಖಂಡ. ಶಬ್ದಗಳೂ ಹೀಗೇ ದೂರದಿಂದ ಬರುತ್ತವೆ: ಬಟಾಟಿ, ಚಾವಿ, ಪಗಾರ ಎನ್ನುತ್ತೇವಲ್ಲ, ಅವು ಪೋರ್ಚುಗೀಸರಿಂದ ಬಂದ ಮಾತುಗಳು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದಿದೆ. ನಸುಕಿನಲ್ಲಿ ಜೋಳ ಬೀಸುತ್ತ ನಮ್ಮ ಅವ್ವಂದಿರು ಹಾಡುತ್ತಿದ್ದುದು ಮೂರು ಸಾಲಿನ ತ್ರಿಪದಿ. ಅದೇ ತ್ರಿಪದಿ ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೇ ಇಸವಿಯ ಕಪ್ಪೆ ಅರಭಟ್ಟ ಎಂಬ ವೀರನ ಶಾಸನದಲ್ಲಿದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಶುರುವಾಗುತ್ತದೆ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು. ಕನ್ನಡದಲ್ಲಿ ನಮಗೆ ಸಿಕ್ಕ ಅತಿ ಹಳೆಯ ತ್ರಿಪದಿ ಅದು. ಬೀಸುಕಲ್ಲಿನ ಮುಂದೆ ಕೂತವರಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. ಧಾಟಿ ಮಾತ್ರ ಸಾವಿರದ ಮುನ್ನೂರು ವರ್ಷ ಬಾಯಿಂದ ಬಾಯಿಗೆ ಬಂತು.

ಇದನ್ನೆಲ್ಲ 'ಅತಿ ಹಳೆಯ ತ್ರಿಪದಿ ಎಲ್ಲಿದೆ? ಬಾದಾಮಿ' ಎಂದು ಒಂದು ಗೆರೆಯಲ್ಲಿ ಮುಗಿಸಿದರೆ ಮಗು ಮರೆಯದೆ ಇನ್ನೇನು ಮಾಡೀತು? ಬರುವ ಸಂಚಿಕೆಯಿಂದ ಇಪ್ಪತ್ತು ಪ್ರಶ್ನೆಗಳ ಬದಲು ಎಂಟೇ ಇರುತ್ತವೆ. ಪ್ರತಿ ಉತ್ತರದ ಕೆಳಗೆ 'ಏಕೆ' ಎಂದು ನಾಲ್ಕು ಸಾಲು ಬರೆಯುತ್ತೇವೆ. 1950ರ ತಿದ್ದುಪಡಿಯೂ ಅದೇ ಪುಟದಲ್ಲಿ ಬರುತ್ತದೆ.

ಮನೆಯಲ್ಲಿ ಅಜ್ಜಿ ಇದ್ದರೆ ಮಗಳಿಗೆ ಒಂದು ಕೆಲಸ ಹೇಳಿ. ಅಜ್ಜಿ ಬೀಸುವಾಗ ಹಾಡುತ್ತಿದ್ದ ಒಂದು ಪದ ಕೇಳಿ ಬರೆದು ಕಳಿಸಲಿ. ಯಾವ ಊರಿನ ಹಾಡು, ಯಾರಿಂದ ಕಲಿತದ್ದು ಎಂದೂ ಬರೆಯಲಿ. ಅಜ್ಜಿ ಹೇಳಿದ ಹಾಗೇ ಇರಲಿ, ತಿದ್ದುವುದು ಬೇಡ. ಎಂಟನೆಯ ಪ್ರಶ್ನೆಯ ಜಾಗ ಅದಕ್ಕಾಗಿ ಖಾಲಿ ಇಟ್ಟಿದ್ದೇನೆ.

— ಸಂಪಾದಕ