ನೀರು ಹಂಚಿಕೊಂಡರೆ ಜಗಳ ನಿಲ್ಲುತ್ತಾ?

ಪ್ರಶ್ನೆ: ಅಕ್ಕಪಕ್ಕದ ದೇಶಗಳು ನದಿ ನೀರು ಹಂಚಿಕೊಂಡರೆ ಶಾಂತಿ ಬರುತ್ತದೆ ಅಂತಾರೆ. ನೋಡಿದರೆ ನೀರಿಗಾಗಿಯೇ ಜಗಳ ಜಾಸ್ತಿ, ಅಲ್ವಾ?

ಉತ್ತರ: ಜಗಳ ಇದೆ, ಇಲ್ಲ ಅನ್ನಲ್ಲ. ಆದರೆ ಪಾಲು ಮಾಡಿಕೊಳ್ಳುವುದು ಬೇರೆ, ಹಂಚಿಕೊಂಡು ಬಾಳುವುದು ಬೇರೆ. 1960ರ ಸಿಂಧೂ ಒಪ್ಪಂದ ಮೊದಲನೆಯ ಜಾತಿಯದು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ, ಸಿಂಧೂ, ಝೇಲಂ, ಚೆನಾಬ್ ಬಹುಪಾಲು ಪಾಕಿಸ್ತಾನಕ್ಕೆ. ಅಣ್ಣತಮ್ಮಂದಿರು ಮನೆ ಮಧ್ಯೆ ಗೋಡೆ ಎಬ್ಬಿಸಿದ ಹಾಗೆ. ಆ ಗೋಡೆಯೂ ಗಟ್ಟಿಯೇ ಇತ್ತು ಬಿಡಿ. ಪಾಕಿಸ್ತಾನದ ಹೊಸ ಕಾಲುವೆಗಳಿಗೆ ಭಾರತ ಹತ್ತು ಕಂತಿನಲ್ಲಿ ದುಡ್ಡು ಕೊಡಬೇಕಿತ್ತು, 1965ರಲ್ಲಿ ಯುದ್ಧವಾದಾಗಲೂ ಕಂತು ತಪ್ಪಲಿಲ್ಲ. ಆದರೆ ಗೋಡೆಯ ಎರಡೂ ಕಡೆಯವರು ಸೇರಿ ಮಾಡುವ ಕೆಲಸ ಕಡಿಮೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ನಡೆದ ಮೇಲೆ ಭಾರತ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು.

ನನಗೆ ಇಷ್ಟವಾಗುವುದು ಇಸ್ರೇಲ್, ಜೋರ್ಡಾನ್ ಗಡಿಯ ಯಾರ್ಮೂಕ್ ನದಿಯ ಕತೆ. ಇಸ್ರೇಲ್ ಮತ್ತು ಜೋರ್ಡಾನ್ ಕಾಗದದ ಮೇಲೆ ಇನ್ನೂ ಶತ್ರುಗಳಾಗಿದ್ದಾಗಲೇ ಎರಡೂ ಕಡೆಯ ನೀರಿನ ಅಧಿಕಾರಿಗಳು ನದಿ ಹತ್ತಿರ ಗುಟ್ಟಾಗಿ ಸೇರುತ್ತಿದ್ದರು. 'ಪಿಕ್ನಿಕ್ ಟೇಬಲ್ ಮಾತುಕತೆ' ಅಂತಲೇ ಅದಕ್ಕೆ ಹೆಸರು. ಶಾಂತಿ ಗೀಂತಿ ಅಂತ ದೊಡ್ಡ ಮಾತಿಲ್ಲ. ಕಾಲುವೆ ಬಾಯಲ್ಲಿ ಹೂಳು ತುಂಬಿದೆ, ತೆಗೆಯೋದು ಯಾವಾಗ, ಮರಳಿನ ಮೂಟೆ ಎಲ್ಲಿಡೋದು, ಯಾರ ಕಡೆ ಎಷ್ಟು ಹರೀತಿದೆ, ಇಷ್ಟೇ. 1994ರಲ್ಲಿ ಶಾಂತಿ ಒಪ್ಪಂದ ಆದಾಗ ನೀರಿನ ಲೆಕ್ಕ ಕೂಡ ಚೆನ್ನಾಗಿ ಬಂತು. ಇಸ್ರೇಲ್ ಕೈಯಲ್ಲಿ ಗಲಿಲೀ ಸರೋವರ ಇದೆ, ಜೋರ್ಡಾನ್‌ಗೆ ನೀರು ಹಿಡಿದಿಡಲು ಅಂಥ ಜಾಗ ಇರಲಿಲ್ಲ. ಹಾಗಾಗಿ ಚಳಿಗಾಲದಲ್ಲಿ ಇಸ್ರೇಲ್ ಯಾರ್ಮೂಕ್‌ನಿಂದ 2 ಕೋಟಿ ಘನ ಮೀಟರ್ ಜಾಸ್ತಿ ತಗೊಳ್ಳಬಹುದು, ಬೇಸಿಗೆಯಲ್ಲಿ ಅಷ್ಟನ್ನೇ ಜೋರ್ಡಾನ್‌ಗೆ ಬಿಡಬೇಕು. ಇದನ್ನು ಸುಮ್ನೆ ಹೊಗಳಿ ಮುಗಿಸೋಕೂ ಆಗಲ್ಲ. ಯಾರ್ಮೂಕ್ ಹೋಗಿ ಸೇರುವ ಜೋರ್ಡಾನ್ ನದಿಯ ದಂಡೆಯಲ್ಲೇ ಇರುವ ಪ್ಯಾಲೆಸ್ತೀನಿಯರಿಗೆ ಆ ಒಪ್ಪಂದದಲ್ಲಿ ಪಾಲೇ ಇಲ್ಲ.

ಪ್ರಶ್ನೆ: ಗೋಡೆ ಎಬ್ಬಿಸದೆ ಹಂಚಿಕೊಂಡವರು ಇದ್ದಾರಾ?

ಉತ್ತರ: ಇದ್ದಾರೆ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿ ನೋಡಿ. ಮಾಲಿ, ಮಾರಿಟೇನಿಯಾ, ಸೆನೆಗಲ್ ಮೂರೂ ಸೇರಿ 1972ರಲ್ಲಿ ನದಿಗೇ ಒಂದು ಸಂಸ್ಥೆ ಮಾಡಿಕೊಂಡವು. ಮನಂತಾಲಿ ಅಣೆಕಟ್ಟು ಇರುವುದು ಮಾಲಿಯ ನೆಲದಲ್ಲಿ, ಆದರೆ ಮಾಲೀಕರು ಮೂವರೂ. ಕರೆಂಟಿನಲ್ಲಿ ಮಾಲಿಗೆ ಶೇ. 52, ಸೆನೆಗಲ್‌ಗೆ 33, ಮಾರಿಟೇನಿಯಾಗೆ 15. ಒಬ್ಬರು ಮುನಿಸಿಕೊಂಡರೆ ಮೂವರ ಮನೆಗೂ ಕತ್ತಲು! 1989ರಲ್ಲಿ ಸೆನೆಗಲ್, ಮಾರಿಟೇನಿಯಾ ಗಡಿಯಲ್ಲಿ ಹೊಡೆದಾಡಿಕೊಂಡು, ಸುಮಾರು ಮೂರು ವರ್ಷ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡವು. ನದಿ ಸಂಸ್ಥೆಯಿಂದ ಮಾತ್ರ ಇಬ್ಬರೂ ಎದ್ದು ಹೋಗಲಿಲ್ಲ.