ಹಲ್ಲು ಕೆಡಿಸಿದ ಹೆಸರಿನದೇ ಔಷಧ

ಊರು ಮತ್ತು ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಕಡೆಯ ಒಂದು ನೇಕಾರರ ಮನೆ ಎಂದಿಟ್ಟುಕೊಳ್ಳಿ.

ಸಲಹೆ ಕೇಳಲು ನನ್ನ ಬಳಿ ಬಂದ ತಾಯಿಗೆ ಮೂವತ್ತರ ಒಳಗಿನ ವಯಸ್ಸು, ಮಗಳಿಗೆ ನಾಲ್ಕು ವರ್ಷ. ಮಾತಿಗೊಮ್ಮೆ ಆಕೆಯ ಸೆರಗು ಬಾಯಿಗೆ ಹೋಗುತ್ತಿತ್ತು. ನಾಚಿಕೆಯ ಸ್ವಭಾವ ಎಂದುಕೊಂಡೆ. ಅಂಗನವಾಡಿಗೆ ಬಂದಿದ್ದ ದಂತವೈದ್ಯರು ಮಗುವಿನ ಮುಂದಿನ ಹಲ್ಲುಗಳ ಬುಡದಲ್ಲಿ ಸುಣ್ಣದ ಗೆರೆಯಂಥ ಬಿಳುಪು ಕಂಡು, ಹುಳುಕು ಶುರುವಾಗುತ್ತಿದೆ, ಫ್ಲೋರೈಡ್ ವಾರ್ನಿಶ್ (ಹುಳುಕು ತಡೆಯಲು ಹಲ್ಲಿಗೆ ಬಳಿಯುವ ಲೇಪ) ಹಚ್ಚಿಸಿ ಎಂದಿದ್ದರಂತೆ. ಗಂಡ ಹಚ್ಚಿಸು ಎನ್ನುತ್ತಾನೆ, ಅತ್ತೆ ಸುತರಾಂ ಬೇಡ ಎನ್ನುತ್ತಾರೆ. ಒಪ್ಪಿಗೆ ಪತ್ರ ಸಹಿಯಿಲ್ಲದೆ ಚೀಲದಲ್ಲಿಯೇ ಮಡಚಿಕೊಂಡಿತ್ತು.

ಅಂದು ನಾನು ಮಾಡಿದ್ದು ತಪ್ಪು. ಗೊತ್ತಿದ್ದುದನ್ನೆಲ್ಲ ಸುರಿದುಬಿಟ್ಟೆ: ಶೇ. 5ರ ಸೋಡಿಯಂ ಫ್ಲೋರೈಡ್, ಹಚ್ಚಲು ಎರಡೇ ನಿಮಿಷ, ನೋವಿಲ್ಲ, ಹಾಲುಹಲ್ಲಿನ ಹುಳುಕು ಸರಾಸರಿ ಶೇ. 37ರಷ್ಟು ತಗ್ಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಒಂದೂ ಸುಳ್ಳಲ್ಲ. ಆಕೆ ತಲೆಯಾಡಿಸಿ ಹೋದವರು ಮೂರು ವಾರ ಈ ಕಡೆ ಬರಲಿಲ್ಲ.

ಮತ್ತೆ ಬಂದಾಗ ಅತ್ತೆಯೂ ಜೊತೆಗಿದ್ದರು. ಈ ಸಲ ಒಂದೇ ಪ್ರಶ್ನೆ ಕೇಳಿದೆ: "ಫ್ಲೋರೈಡ್ ಎನ್ನುವ ಮಾತು ನಿಮ್ಮ ಕಿವಿಗೆ ಮೊದಲು ಬಿದ್ದದ್ದು ಯಾವಾಗ?"

ಸೆರಗು ಕೆಳಗಿಳಿಯಿತು. ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು. ತವರಿನಲ್ಲಿ ಕೊಳವೆಬಾವಿಯ ನೀರು ಕುಡಿದೇ ಬೆಳೆದವರು. ಏಳನೆಯ ತರಗತಿಯಲ್ಲಿದ್ದಾಗ ಯಾರೋ ಬಂದು ನೀರು ಪರೀಕ್ಷಿಸಿ, ಫ್ಲೋರೈಡ್ ಹೆಚ್ಚಿದೆ, ಕುಡಿಯಬೇಡಿ ಎಂದು ಹೇಳಿ ಹೋದರು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಹೆಣ್ಣು ನೋಡಲು ಬಂದ ಎರಡು ಮನೆಯವರು ಹಲ್ಲು ನೋಡಿ ಎದ್ದು ಹೋದರು. "ಅಕ್ಕನವರೇ, ನನ್ನ ಬಾಯಿ ಕೆಡಿಸಿದ್ದನ್ನೇ ಮಗಳ ಬಾಯಿಗೆ ಹಚ್ಚಲು ನಾನೇ ಸಹಿ ಹಾಕಲೇ?"

ಇದನ್ನು ಅಜ್ಞಾನ ಎನ್ನುವವರಿಗೆ ನಮ್ಮ ಜಿಲ್ಲೆಯ ನೀರಿನ ಸಂಗತಿ ಗೊತ್ತಿಲ್ಲ. ಆಕೆಯ ಹೆದರಿಕೆಗೆ ಆಕೆಯ ಬಾಯಿಯೇ ಸಾಕ್ಷಿ. ಹಾಗಾಗಿ, "ನಿಮ್ಮ ಅನುಮಾನ ಸರಿಯಾದದ್ದೇ" ಎಂದು ಮೊದಲು ಒಪ್ಪಿಕೊಂಡೆ. ಆಮೇಲೆ ಲೆಕ್ಕಕ್ಕೆ ಕೂತೆವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ತವರಿನ ಬಾವಿಯಲ್ಲಿ 3 ಇತ್ತು ಎಂದುಕೊಂಡರೆ, ದಿನಕ್ಕೊಂದು ಲೀಟರ್ ಕುಡಿದ ಮಗುವಿನ ಹೊಟ್ಟೆಗೆ ವರ್ಷದಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚು ಹೋಗುತ್ತದೆ. ವಾರ್ನಿಶ್ ಈ ವಯಸ್ಸಿಗೆ ಕಾಲು ಮಿಲಿಲೀಟರ್ ಸಾಕು. ಅದರಲ್ಲಿರುವ ಫ್ಲೋರೈಡ್ ಆರು ಮಿಲಿಗ್ರಾಂ ಒಳಗೆ. ವರ್ಷಕ್ಕೆ ಎರಡು ಸಲ ಹಚ್ಚಿ, ಅದಷ್ಟನ್ನೂ ಮಗು ನುಂಗಿದರೂ ಹನ್ನೆರಡು ದಾಟುವುದಿಲ್ಲ.

ಅತ್ತೆಗೆ ಲೆಕ್ಕ ರುಚಿಸಲಿಲ್ಲ. ಬಾಗಿಲಿಗೆ ಬಳಿಯುವ ವಾರ್ನಿಶ್ ಮಗುವಿನ ಬಾಯಿಗೇಕೆ ಎಂಬುದು ಅವರ ಮೂಲ ತಕರಾರು. (ಹೆಸರಿಟ್ಟವರು ಇಳಕಲ್ಲಿನ ಅತ್ತೆಯರನ್ನು ಕೇಳಿ ಇಟ್ಟಿಲ್ಲ.) ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ನೀರಿನ ಫ್ಲೋರೈಡ್ ರಕ್ತದ ಮೂಲಕ ಅದರೊಳಗೆ ಸೇರುತ್ತದೆ, ಇದಾದರೋ ಮೂಡಿದ ಹಲ್ಲಿನ ಮೇಲೆ ಎಂದು ನಾನು ವಿವರಿಸುತ್ತಿದ್ದಂತೆ ಅವರೇ ತಡೆದರು. "ಅಂದರೆ ಅದು ನೂಲಿಗೇ ಕೊಟ್ಟ ಬಣ್ಣ, ಇದು ಒಗೆದ ಸೀರೆಗೆ ಹಾಕುವ ಗಂಜಿ. ಹೌದೇನವ್ವಾ?" ಇಷ್ಟು ಚೆನ್ನಾಗಿ ನನಗೆ ಹೊಳೆದಿರಲಿಲ್ಲ. ಒಂದನ್ನು ಮಾತ್ರ ಸೇರಿಸಿದೆ: ಗಂಜಿ ತೊಳೆದು ಹೋಗುತ್ತದೆ, ವಾರ್ನಿಶ್ ಕೂಡ ಉದುರಿ ಹೋಗುತ್ತದೆ, ಆದರೆ ಅಷ್ಟರಲ್ಲಿ ಹಲ್ಲಿನ ಮೇಲ್ಪದರ ಕಳೆದುಕೊಂಡ ಖನಿಜವನ್ನು ಮರಳಿ ಹಿಡಿಯಲು ನೆರವಾಗಿರುತ್ತದೆ.

ಇನ್ನು ನಾನು ಹೇಳಿದ ಕ್ರಮ. ಮೊದಲು ನೀರು. ಮಗುವಿನ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವುದು ಈಗಲೇ. ಮನೆಗೆ ಬರುವ ನೀರನ್ನು ಪಂಚಾಯಿತಿಯ ಮೂಲಕ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದ ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ವಾರ್ನಿಶ್ ಹಚ್ಚಿಸುವ ಮುನ್ನ ವೈದ್ಯರಿಗೆ ಎರಡು ಮಾತು ತಿಳಿಸಬೇಕು: ಬಾಯಿಯಲ್ಲಿ ಹುಣ್ಣಿದೆಯೇ, ಉಬ್ಬಸ ಅಥವಾ ಅಲರ್ಜಿಯಿಂದ ಮಗು ಆಸ್ಪತ್ರೆ ಸೇರಿತ್ತೇ. ಬಹಳಷ್ಟು ವಾರ್ನಿಶ್‌ಗಳಲ್ಲಿ ಮರದ ರಾಳವಿರುತ್ತದೆ, ಕೆಲವರಿಗೆ ಅದು ಒಗ್ಗುವುದಿಲ್ಲ. ಹಚ್ಚಿದ ಮೇಲೆ ಕೆಲವು ಗಂಟೆ ಬಿಸಿಯಾದದ್ದು, ಕಟುಕು ರೊಟ್ಟಿಯಂಥ ಗಟ್ಟಿಯಾದದ್ದು ಬೇಡ. ಆ ರಾತ್ರಿ ಹಲ್ಲುಜ್ಜುವುದೂ ಬೇಡ. ಹಲ್ಲು ಹಳದಿ ಕಂಡರೆ ಗಾಬರಿಯಾಗಬೇಡಿ, ಮರುದಿನ ಉಜ್ಜಿದರೆ ಹೋಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ, ವೈದ್ಯರು ಹೇಳಿದಂತೆ, ಮತ್ತೆ ಹಚ್ಚಿಸಬೇಕು.

ಕೊನೆಯಲ್ಲಿ ಊಟದ ಮಾತು ತೆಗೆದೆ. ರಾತ್ರಿ ಮಲಗಿಸುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ ಎಂದು ಗೊತ್ತಾಯಿತು. ಕೊಡುತ್ತಿದ್ದವರು ಅತ್ತೆ. ಅದು ನಿಲ್ಲದೆ ವಾರ್ನಿಶ್ ಒಂದರಿಂದ ಹೆಚ್ಚೇನೂ ಆಗದು ಎಂದು ನೇರವಾಗಿಯೇ ಹೇಳಿದೆ. ಅವರು ಉತ್ತರ ಕೊಡದೆ ಮೊಮ್ಮಗಳ ತಲೆ ಸವರಿದರು.

ಸಹಿ ಆಯಿತು, ವಾರ್ನಿಶ್ ಒಮ್ಮೆ ಹಚ್ಚಿಸಿಯೂ ಆಗಿದೆ. ಬಾಟಲಿ ಇನ್ನೂ ಪೂರ್ತಿ ಬಿಟ್ಟಿಲ್ಲವಂತೆ. ಸಕ್ಕರೆ ನಿಂತಿದೆ, ಹಾಲು ಉಳಿದಿದೆ. ಹೋದ ತಿಂಗಳು ಆ ತಾಯಿ ಒಬ್ಬರೇ ಬಂದಿದ್ದರು, ತಮ್ಮ ಹಲ್ಲಿನ ಕಂದು ಪಟ್ಟೆಗಳಿಗೆ ಏನಾದರೂ ಮಾಡಬಹುದೇ ಎಂದು ಕೇಳಲು. ಮಾಡಬಹುದು ಎಂದು ಹೇಳಿ ದಂತವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಇನ್ನೂ ಹೋಗಿಲ್ಲ.